ಡಬ್ಬ ವಾಪಸ್ ತಂದರೆ ಎರಡು ರೂಪಾಯಿ

ಮಣ್ಣಿನ ಕುಂಡ ಇಪ್ಪತ್ತೆರಡು, ಗಂಗುಲಪ್ಪ ಗುರುತಿಗೆ ಕೊಡುವ ದರ.
ಅದರೊಳಗಿನ ಗುಲಾಬಿ ಕಡ್ಡಿ ಹದಿನೈದು.
ಊಟಕ್ಕಿಂತ ಎಲೆಯೇ ದುಬಾರಿಯಾದರೆ
ಬಡಿಸುವುದು ಹೇಗೆ, ಹೇಳಿ.

ಕರಿಯ ಕವರು ಕಿಲೋ ಲೆಕ್ಕ. ಅಗ್ಗ, ನಿಜ.
ಚಿಂತಾಮಣಿಯಲ್ಲಿ ಯುಗಾದಿ ಕಳೆದ ಬಿಸಿಲಿಗೆ
ತೆಳ್ಳನೆಯದು ಹಪ್ಪಳದ ಹಾಗೆ ಮುರಿಯುತ್ತದೆ.
ಎತ್ತಿದ ಕೈಯಲ್ಲಿ ಬರೀ ಬೇರು,
ಮಣ್ಣೆಲ್ಲ ಗಿರಾಕಿಯ ಚಪ್ಪಲಿ ಮೇಲೆ.

ಹಾಗಾಗಿ ಅಮೀರ್‌ಜಾನ್. ಭಾನುವಾರ ಬೆಳಿಗ್ಗೆ
ಗುಜರಿ ಗಾಡಿ ತೂಕಕ್ಕೆ ಹೋಗುವ ಮುಂಚೆ ನನ್ನ ಗೇಟಿಗೆ.
ಪೇಂಟಿನ ಬಕೆಟ್ಟು, ಎಣ್ಣೆ ಡಬ್ಬ, ಕಿವಿ ಮುರಿದ ಮಗ್ಗು,
ಛತ್ರದ ಹಿಂದೆ ಆಯ್ದ ಐಸ್‌ಕ್ರೀಮಿನ ಬಟ್ಟಲು ಮುನ್ನೂರು.
"ದೊಡ್ಡ ಮದುವೆ ಅಕ್ಕ, ಎರಡೆರಡು ತಿಂದವ್ರೆ."
ತೊಳೆದೆ. ಸೋಪಿಗೂ ಜಗ್ಗದ ಸಿಹಿ ವಾಸನೆಗೆ
ಇರುವೆ ಸಾಲುಗಟ್ಟಿ ಬಂತು.
ಬರಲಿ. ಬದನೆ ಸಸಿಗೆ ಅದರ ಪರಿವೆಯಿಲ್ಲ.

ಆರಿಸಲಿಕ್ಕೂ ಒಂದು ಕಣ್ಣು ಬೇಕು.
ಮೊದಲು ತಳ ನೋಡು, ಬಾಯಿ ಆಮೇಲೆ.
ಬಾಯಿ ಕಿರಿದಾದರೆ, ಬದಲಿಸುವ ದಿನ ಬೇರಿನ ಪಾಡು
ಗಡಿಗೆಯೊಳಗೆ ತಲೆ ತೂರಿಸಿದ ನಾಯಿಯದು.
ಮೊಸರಿನ ಡಬ್ಬಿ ಮೆಣಸಿನ ಸಸಿಗೆ ಸಾಕು.
ನಿಂಬೆಗೆ ಉದ್ದ ಬೇಕು, ಅದು ಕೆಳಮುಖವಾಗಿ ಯೋಚಿಸುವ ಗಿಡ.
ಪುಟ್ಟದಕ್ಕೆ ದೊಡ್ಡ ಬಕೆಟ್ಟು ಕೊಟ್ಟೆಯೋ, ನೀರು ನಿಂತು ಕೊಳೆತೀತು;
ಬೆಳೀತಾನೆ ಅಂತ ಉದ್ದ ಹೊಲಿಸಿದ ಹಬ್ಬದ ಪ್ಯಾಂಟು
ಹಬ್ಬದ ದಿನವೇ ಎಡವಿ ಬೀಳಿಸಿದ ಹಾಗೆ.
ಔಷಧಿಯ ಕ್ಯಾನು ಮಾತ್ರ ಬೇಡ, ಪುಕ್ಕಟೆ ಬಂದರೂ.
ಟೊಮೆಟೊ ತೋಟದವರು ಬೇಲಿಗೆ ಸಿಕ್ಕಿಸಿ ಒಣಗಿಸಿ
ಪ್ರೀತಿಯಿಂದಲೇ ಕೊಡುತ್ತಾರೆ.
ಪ್ರೀತಿಯಿಂದಲೇ ಬೇಡ ಅನ್ನುತ್ತೇನೆ.

ತೂತು ಹಾಕುವುದು ರಾತ್ರಿ.
ಇಕ್ಕಳದಲ್ಲಿ ಮೊಳೆ, ಗ್ಯಾಸಿನ ಉರಿಗೆ ಕೆಂಪಗೆ.
ಸುಟ್ಟ ಪ್ಲಾಸ್ಟಿಕ್ಕಿನ ನಾತಕ್ಕೆ ಅತ್ತೆ ಬಾಗಿಲು ಹಾಕಿಕೊಂಡು
ಒಳಗಿನಿಂದಲೇ ಎಣಿಸುತ್ತಾರೆ.
ಚುಯ್. ಚುಯ್. ಚುಯ್. ಚುಯ್.
"ನಡುವಿಂದು ಬಿಟ್ಟೆ ನೋಡು."

ಗೇಟಿನ ತಗಡಿನ ಮೇಲೆ ಸುಣ್ಣದಲ್ಲಿ ಬರೆದೆ:
ಡಬ್ಬ ವಾಪಸ್ ತಂದರೆ ಎರಡು ರೂಪಾಯಿ.
ನಕ್ಕರು. ಮೊದಲ ತಿಂಗಳು ಬಂದದ್ದು ನಾಲ್ಕು,
ಅದರಲ್ಲೊಂದು ನನ್ನದಲ್ಲ.
ಈಗ ಮುರುಗಮಲ್ಲದ ಬಸ್ಸಿಳಿದು ಬಯ್ಯಮ್ಮ
ಒಂದರೊಳಗೊಂದು ಒಂಬತ್ತು ಜೋಡಿಸಿ
ಮಗುವಿನಂತೆ ಕಂಕುಳಲ್ಲಿ ತರುತ್ತಾಳೆ.
ಹದಿನೆಂಟು ರೂಪಾಯಿ ಮುಟ್ಟುವುದಿಲ್ಲ,
"ಒಂದು ಕರಿಬೇವು ಕೊಡು, ಸರಿಹೋಯ್ತು."
ಕರಿಬೇವು ಇಪ್ಪತ್ತೈದು. ಇಬ್ಬರಿಗೂ ಗೊತ್ತು.

ನಿನ್ನೆ ಅವಳ ಡಬ್ಬಗಳನ್ನು ತಿಕ್ಕಲು ಕೂತೆ.
ಒಂದರ ಮೂಲೆಯಲ್ಲಿ ಅವಳೂರಿನ ಕೆಮ್ಮಣ್ಣು, ಹೆಬ್ಬೆಟ್ಟಿನಷ್ಟು,
ಅದರಲ್ಲಿ ಎರಡೆಲೆಯ ಏನೋ.
ನಾನು ಬಿತ್ತಿದ್ದಲ್ಲ.
ಫೋನು ಮಾಡಿದರೆ ಅವಳೂ ಅಲ್ಲವಂತೆ,
"ಬಿಸಾಕು ಅತ್ಲಾಗೆ" ಎಂದಳು.
ಸೊಪ್ಪೋ ಕಳೆಯೋ, ಕನ್ನಡಕ ಹಾಕಿ ನೋಡಿದ ಅತ್ತೆಗೂ ತಿಳಿಯಲಿಲ್ಲ.
ಮಾರಲು ಬರದು, ಹೆಸರಿಲ್ಲದ್ದಕ್ಕೆ ಎಷ್ಟೆಂದು ಬೆಲೆ ಹೇಳಲಿ.

ಮದುವೆಯ ಬಟ್ಟಲಲ್ಲಿ ಉಳಿದಿದ್ದ ಒಂದನ್ನು ತೆಗೆದೆ.
ತಳ ನೋಡಿದೆ, ಬಾಯಿ ನೋಡಿದೆ.
ನಡುವಿನ ತೂತು ಇರಲಿಲ್ಲ.
ಮೊಳೆ ಕಾಯಲಿಟ್ಟೆ.