ಒಂಬತ್ತನೇ ಶಾಖೆ

ಗ್ವಾಡಿಗೆ ಚಕ್ಕಡಿಯ ಅರ್ಧ ಗಾಲಿ ಹೊಡದಾರ,
ಇನ್ನರ್ಧ ಹಾವೇರಿ ಶಾಖೆದಾಗ ಇರಬೇಕು.
ಬೋರ್ಡಿನ ಮ್ಯಾಲ 'ಅಪ್ಪಟ ಜವಾರಿ'.
ಅಪ್ಪಟ ಇದ್ದದ್ದು ಹಂಗ ಹೇಳಿಕೋತ ಕೂಡತೈತೇನು?
ಗದಗ ಸ್ಟೇಷನ್ ರೋಡಿನ ನಮ್ಮ ಖಾನಾವಳಿಗೆ
ಹೆಸರೇ ಇರಲಿಲ್ಲ.
'ಮೆಟ್ಟಲಾ ಮುರದದ್ದು' ಅಂದ್ರ
ಟಾಂಗಾದವಗೂ ಗೊತ್ತು.

ಯಾವ ನೀರು ಅಂತ ಇಂಗ್ಲಿಷಿನ್ಯಾಗ ಕೇಳಿದ ಹುಡುಗ.
ಎಣಗಾಯಿಯೊಳಗ ಸಕ್ಕರಿ!
ಯಾರ ನಾಲಿಗಿಗೆ ಅಂಜಿ?
ಗುರೆಳ್ಳು ಹಿಂಡಿ ಬೊಟ್ಟಿನಷ್ಟು, ಅದಕ್ಕೂ ರೊಕ್ಕ.
ಸಿಟ್ಟಿನಾಗೇ ರೊಟ್ಟಿ ಮುರಿಯಾಕ ಹೋದೆ,
ಕೈ ಅಲ್ಲೇ ನಿಂತಿತು.

ಅಂಚಿಗೆ ಹೆಬ್ಬೆರಳ ಒತ್ತು,
ಉಗುರಿನದೊಂದು ಸಣ್ಣ ಚಂದ್ರ.
ಇಪ್ಪತ್ತು ವರ್ಷ ತಿಂದ ಗುರುತು.

ಅಡಿಗಿಮನಿ ಬಾಗಿಲ ಸಂದಿಯೊಳಗ
ನೀಲಿ ಟೊಪ್ಪಿಗಿ ಕೆಳಗ ಶಾವಂತ್ರೆವ್ವ:
"ಏನ್ರೀ ಮಾಸ್ತರ, ಇಲ್ಲಿಗೂ ಬಂದ್ರಿ?"

ಇಲ್ಲೆ ಹೊಗಿ ಇಲ್ರಿ, ಅಂದಳು. ಕೆಮ್ಮು ಹೋತು.
ಪಗಾರ ಒಂದನೇ ತಾರೀಖಿಗೇ.
ಅಲ್ಲಿ?
ಆಕಿ ಬರೇ ಕೈ ತಿರುವಿದಳು,
ಬೆರಳಿಂದ ಒಣ ಹಿಟ್ಟು ಉದುರಿತು.
ಅಲ್ಲಿ ನಾನೂ ತಿಂಗಳಗಟ್ಟಲೆ ಉದ್ರಿ ಬರಸಿದವನೇ.

ಎಣಗಾಯಿಗೆ ಸಕ್ಕರಿ ಹಾಕೋದು ತಪ್ಪು.
ಅದನ್ನ ಈಗಲೂ ಹೇಳತೀನಿ.
ಹುಡುಗನ್ನ ಕರದು
ಬಿಸಿದೊಂದು ರೊಟ್ಟಿ ಹೇಳಿದೆ.