ಠ

ರದ್ದು ಎಂದು ಮೊಹರು ಒತ್ತಿದವಳು ನಾನೇ.
ಒಂದೇ ಮಧ್ಯಾಹ್ನ ನಾನೂರ ಹನ್ನೆರಡು ಪುಸ್ತಕ,
ಮಾಲೂರು ಶಾಖೆ, ನೇರಳೆ ಶಾಯಿ,
ಕೊನೆಕೊನೆಗೆ ನನ್ನ ಹೆಬ್ಬೆರಳೂ ರದ್ದಾಗಿತ್ತು.
ಉಕಾರ ಇಕಾರವಾಗಲು ಎಷ್ಟು ಹೊತ್ತು?
ಸಂಜೆಗೆಲ್ಲ ರದ್ದಿ. ಕಿಲೋಗೆ ಹನ್ನೊಂದು ರೂಪಾಯಿ.

ತಕ್ಕಡಿಯ ಹತ್ತಿರ ನೆರೆಗೂದಲಿನವರೊಬ್ಬರು
ಒಂದೊಂದನ್ನೂ ಎತ್ತಿ, ಕಿವಿಗೆ ಹಿಡಿದು,
ಬೆರಳ ಗಿಣ್ಣಿನಿಂದ ಬಡಿದು ನೋಡುತ್ತಿದ್ದರು,
ತೆಂಗಿನಕಾಯಿ ಕೊಳ್ಳುವವರ ಹಾಗೆ.
"ಕಲ್ಲಲ್ಲೂ ಗಂಡು ಹೆಣ್ಣು ಐತಲ್ಲಮ್ಮ.
ಗಂಟೆ ಥರ ಕೂಗಿದ್ರೆ ಗಂಡು, ತಾಳದ ಥರ ಅಂದ್ರೆ ಹೆಣ್ಣು.
ಏನೂ ಅನ್ನದಿದ್ರೆ ನಪುಂಸಕ, ಮೆಟ್ಟಿಲಿಗೆ ಹಾಕ್ತೀವಿ."
"ಪುಸ್ತಕದಲ್ಲಿ?"
"ಅದೇ ನೋಡ್ತಾ ಇದೀನಿ."
ಕೈಯಲ್ಲಿದ್ದದ್ದು ಹೈಸ್ಕೂಲು ವ್ಯಾಕರಣ.
ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ,
ಐದನೇ ಪಾಠ. ನಾನು ಹೇಳಲಿಲ್ಲ.

ಶಿವಾರಪಟ್ಟಣದ ಕಾಳಹಸ್ತಾಚಾರಿ.
ಐವತ್ತು ವರ್ಷ ಕಡೆದ ಕಲ್ಲಿನ ಪುಡಿ
ಅರ್ಧ ಬೀದಿಗೆ ಬಿತ್ತು, ಅರ್ಧ ಎದೆಗೆ.
ಕೋಲಾರದ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು
"ಒಳಗೇ ಒಂದು ವಿಗ್ರಹ ಕೂರಿಸಿದೀರಿ" ಅಂದರಂತೆ.
ಉಳಿ ಮಗನಿಗೆ ಹೋಯಿತು. ಕೈ ಸುಮ್ಮನಿರಲಿಲ್ಲ.

ನಾನೋ, ಪುಸ್ತಕಕ್ಕೆ ಕಾಲು ತಾಕಿದರೆ
ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯವಳು.
ತೂಕಕ್ಕೆ ಹಾಕಿದವಳೂ ಹೌದು.
ಒಂದು ಭಾನುವಾರ ತಡೆಯದೆ ಬಸ್ಸು ಹತ್ತಿದೆ.

ಬೀದಿಯುದ್ದಕ್ಕೂ ಮಷೀನಿನ ಕಿರುಚು,
ಬಿಳಿ ಹುಬ್ಬಿನ ಹುಡುಗರು, ಸೊಂಡಿಲು ಮೂಡದ ಗಣಪತಿಗಳು.
ಹಿತ್ತಿಲಲ್ಲಿ ಮಾತ್ರ ಸದ್ದಿಲ್ಲ.
ವ್ಯಾಕರಣ ಅಂಗಾತ ಮಲಗಿತ್ತು,
ಅಂಚಿಗೆ ಮೈದಾ ಅಂಟು, ಪಕ್ಕದಲ್ಲಿ
ಮುರಿದ ಬ್ಲೇಡು, ಚಿಮಟ, ಹಲ್ಲಿನ ಡಾಕ್ಟರ ಒಂದು ಕೊಕ್ಕೆ.
"ಇವರು ನನಗಿಂತ ಮೊದಲೇ ಸುರು ಮಾಡವ್ರೆ"
ಗೆದ್ದಲು ತಿಂದ ಓಣಿ ತೋರಿಸಿದರು.
ಅದನ್ನೇ ಕಿವಿಯ ಸುಳಿ ಮಾಡಿದ್ದರು.

ಕಲ್ಲಲ್ಲಿ ಉಳಿ ಜಾರಿದರೆ ಮೂಗು ಹೋಯಿತು, ಮುಗಿಯಿತು.
ಇಲ್ಲಿ ಜಾರಿದರೆ ಕೆಳಗೊಂದು ಪುಟ,
ಅದರ ಕೆಳಗೆ ಇನ್ನೊಂದು.
ಸಂಧಿ ಬಿಡಿಸಿದಲ್ಲಿ ಹಣೆ,
ಸಮಾಸ ಸವೆದು ಗಲ್ಲ,
ಅಪವಾದಗಳೆಲ್ಲ ಕೂದಲು.
ಕಿರೀಟವಿಲ್ಲ, ಆಯುಧವಿಲ್ಲ, ಆರ್ಡರು ಕೊಟ್ಟವರಿಲ್ಲ.
"ಯಾರಿದು?"
"ಇನ್ನಾ ಗೊತ್ತಾಗಿಲ್ಲ."

ಕಣ್ಣು ಬಾಕಿ. ಕಣ್ಣು ಕೊನೆಗೇ ತೆರೆಸಬೇಕಲ್ಲ.
ಬಣ್ಣ ಇಡಬಾರದಂತೆ, ಗೀರಬಾರದಂತೆ,
ಒಳಗಿರುವುದೇ ಮೇಲೆ ಬರಬೇಕಂತೆ.
ಮೂರು ವಾರದಿಂದ ಹುಬ್ಬಿನ ಕೆಳಗೆ
ಒಂದೊಂದೇ ಹಾಳೆ ಇಳಿಯುತ್ತಿದ್ದರು.
ನಾನು ಕಾಫಿ ಲೋಟ ಕೆಳಗಿಡುವಾಗ
ಚಿಮಟ ನಿಂತಿತು.
ದಪ್ಪಕ್ಷರದಲ್ಲಿ: ಪಾಠ ೯.
ಹಿಂದಿನ ಎಂಟೂ ಹಣೆಗೋ ಕೆನ್ನೆಯಾಚೆಗೋ ಬಿದ್ದು
ಗುಡಿಸಿ ಹೋಗಿದ್ದವು.
ಪಾ ಕಿತ್ತರು. ಒಂಬತ್ತು ಕಿತ್ತರು.
ಉಳಿಯಿತು ಠ.
ದುಂಡಗೆ, ನಡುವೆ ಒಂದು ಚುಕ್ಕೆ.

ಮೂವತ್ತೊಂದು ವರ್ಷ ಅಕ್ಷರಗಳನ್ನು ಕಪಾಟಿನಲ್ಲಿಟ್ಟು
ಬೀಗ ಹಾಕಿ ಮನೆಗೆ ಹೋದವಳು,
ಅವು ನೋಡುತ್ತವೆ ಅಂತ
ನನಗ್ಯಾರೂ ಹೇಳಿರಲಿಲ್ಲ.

ಪಕ್ಕಮುಖ. ಒಂದೇ ಸಾಕು.
ಕತ್ತಿನ ಕೆಳಗೆ, ರಟ್ಟಿನವರೆಗೂ ಇಳಿದಲ್ಲಿ,
ನಮ್ಮ ವಾಯಿದೆ ಚೀಟಿ, ಹಾಗೇ ಬಿಟ್ಟಿದ್ದರು.
ಕೊನೆಯ ತಾರೀಕು ಇಪ್ಪತ್ತೊಂದು ಮಾರ್ಚಿ ತೊಂಬತ್ತೆಂಟು.
ಅದರ ಮೇಲೆ ಅಡ್ಡಡ್ಡ ನನ್ನ ನೇರಳೆ.
"ತಗೊಂಡೋಗ್ತೀರಾ?" ಅಂದರು.
ನಾನು ದಂಡ ಲೆಕ್ಕ ಹಾಕುತ್ತಿದ್ದೆ,
ದಿನಕ್ಕೆ ಹತ್ತು ಪೈಸೆ,
ಯಾರ ಹೆಸರಿಗೆ ಬರೆಯಬೇಕೆಂದು ತಿಳಿಯದೆ.