ಮುನ್ನೂರ ನಾಲ್ಕು

ತರಬೇತಿಯಲ್ಲಿ ಹೇಳಿದ್ದರು:
ಬಾಯಾರುವ ಮೊದಲೇ ಕುಡಿ.
ಮೂತ್ರ ಒಣಹುಲ್ಲಿನ ಬಣ್ಣವಿದ್ದರೆ ಸರಿ,
ಚಹಾದ ಬಣ್ಣಕ್ಕೆ ತಿರುಗಿದರೆ ಕೆಲಸ ಬಿಟ್ಟು ನೆರಳಿಗೆ ಹೋಗು.
ತಲೆಯಾಡಿಸಿ ಬರೆದುಕೊಂಡಿದ್ದೆ.
ಇಲ್ಲಿ ಬಣ್ಣ ನೋಡಲು ಬೆಳಕಿದೆ, ಬೇಕಾದಷ್ಟು.
ನೆರಳೇ ರೇಷನ್ನು.

ಚಾಡ್ ದೇಶದ ಪೂರ್ವದ ಅಂಚು, ಏಪ್ರಿಲ್.
ಪಾದರಸ ನಲವತ್ತಮೂರಕ್ಕೆ ಹತ್ತಿ ಅಲ್ಲೇ ಕೂತಿದೆ,
ಇಳಿಯುವುದು ಮರೆತ ಬೆಕ್ಕಿನ ಹಾಗೆ.
ಗಡಿಯಾಚೆಯಿಂದ ಕತ್ತೆಗಳ ಮೇಲೆ ಬಂದವರು
ಹಳದಿ ಕ್ಯಾನುಗಳನ್ನು ಸಾಲಿಗಿಟ್ಟು
ತಾವು ಮುಳ್ಳುಜಾಲಿಯ ಬುಡಕ್ಕೆ ಸರಿಯುತ್ತಾರೆ.
ಕ್ಯಾನುಗಳು ಲಾರಿಗೆ ಕಾಯುತ್ತವೆ,
ಬಿಸಿಲಿಗೂ ಕಾಯುತ್ತವೆ.

ತಲೆಗೆ ಹದಿನೈದು ಲೀಟರ್ ಎನ್ನುತ್ತದೆ ಪುಸ್ತಕ.
ನಾನು ಕೊಡುವುದು ಏಳು.
ಅವರೆದುರು ಬಾಟಲಿಯ ಮುಚ್ಚಳ ತಿರುಗಿಸುವುದು ಹೇಗೆ?
ಏನೋ ನೆಪ ಹೇಳಿ, ಟ್ಯಾಂಕರಿನ ಹಿಂದೆ ನಿಂತು
ಕದ್ದವಳಂತೆ ಎರಡು ಗುಟುಕು.
ಬರಬರುತ್ತಾ ಅದೂ ಬೇಡವಾಯಿತು.
ಬೆವರು ನಿಂತಾಗ, ಒಗ್ಗಿಕೊಂಡೆ ಅಂದುಕೊಂಡೆ.
ಚಾಲಕ ಬಿಶಾರಾ ಕನ್ನಡಿಯಲ್ಲಿ ನನ್ನ ತುಟಿ ನೋಡಿ
"ಗಾಡಿಗಾದರೂ ರೇಡಿಯೇಟರ್ ಇದೆ, ಮೇಡಂ" ಅಂದ.
ನಕ್ಕೆ. ತುಟಿ ಒಡೆಯಿತು.

ಹನ್ನೊಂದನೆಯ ದಿನ
ಕಾರ್ಡು ಮುನ್ನೂರ ನಾಲ್ಕು ಎಂದು ಕೂಗಿದ್ದು ನೆನಪು.
ಆಮೇಲೆ ಸಾಲು ಅಲೆಯಾಗಿ ಎದ್ದಿತು,
ಮರಳು ಕೆನ್ನೆಯವರೆಗೆ ಬಂತು.

ಕಣ್ಣು ಬಿಟ್ಟರೆ ಪಕ್ಕದಲ್ಲಿ ಮುನ್ನೂರ ನಾಲ್ಕೇ ಕೂತಿದ್ದಳು:
ಖಮೀಸಾ, ಮಸಾಲಿತ್ ಮುದುಕಿ, ಕೈಯಲ್ಲಿ ತಗಡಿನ ಡಬ್ಬಿ.
ತನ್ನ ಏಳು ಲೀಟರಿನಿಂದ ತೆಗೆದು
ನನ್ನ ಕತ್ತಿಗೆ, ಕಂಕುಳಿಗೆ,
ಹೊದ್ದ ಬಟ್ಟೆಯ ಅಂಚು ತೋಯಿಸಿ ಹಣೆಗೆ.
ಸಕ್ಕರೆ ಎಷ್ಟು, ಉಪ್ಪು ಎಷ್ಟು
(ಹಿಂದಿನ ವಾರ ನಾನೇ ಕಲಿಸಿದ್ದು)
ಬೆರಳು ಮಡಿಚಿ ಎಣಿಸಿ, ಕದಡಿ,
ಡಬ್ಬಿಯನ್ನು ನನ್ನ ಹಲ್ಲಿಗೆ ಒತ್ತಿ
ಬೈಯತೊಡಗಿದಳು.
ಬಿಶಾರಾ ಅರ್ಧ ಮಾತ್ರ ಹೇಳಿದ:
"ನಿನ್ನ ನಾಚಿಕೆಯಿಂದ ನನ್ನ ಕ್ಯಾನು ತುಂಬುತ್ತದೇನು?
ಪಟ್ಟಿ ನಿನ್ನ ಕೈಯಲ್ಲಿದೆ.
ನೀನು ಬಿದ್ದಿದ್ದಷ್ಟು ಹೊತ್ತೂ ನಲ್ಲಿ ನಿಂತಿತ್ತು."
ಇನ್ನರ್ಧ ಏನೆಂದು ಕೇಳಿದೆ.
ಅವನು ಟೈರು ನೋಡಲು ಹೋದ.

ಮೂರು ದಿನ ಡೇರೆಯಲ್ಲಿ ಮಲಗಿ ಎದ್ದೆ.
ಈಗ ಗಂಟೆಗೊಮ್ಮೆ, ಎಲ್ಲರೆದುರು
ಟೋಪಿ ತೆಗೆದು ನಿಂತಲ್ಲೇ ಕುಡಿಯುತ್ತೇನೆ.
ಗಂಟಲಿನ ಸದ್ದು ನನಗೇ ಜೋರಾಗಿ ಕೇಳುತ್ತದೆ.
ನಾಚಿಕೆ ಹೋಗಿಲ್ಲ,
ನೀರಿನ ಜೊತೆ ಅದೂ ಇಳಿಯುತ್ತದೆ.
ಸಾಲಿನ ಮಕ್ಕಳು ಗುಟುಕು ಎಣಿಸುತ್ತಾರೆ:
ವಾಹಿದ್, ಇತ್ನೇನ್, ತಲಾತಾ.
ಐದಕ್ಕೆ ನಿಲ್ಲಿಸಿದರೆ
ಮರದ ಬುಡದಿಂದ ಖಮೀಸಾ ಕೋಲೆತ್ತುತ್ತಾಳೆ.

ಆರು.
ತುಟಿ ಒರೆಸಿಕೊಂಡು
ಮುಂದಿನ ಸಂಖ್ಯೆ ಕೂಗುತ್ತೇನೆ.